ನಿಂತ ಬೀರು, ಹೊರಟ ಬೀರು

ಮನೆಗೆ ಬಣ್ಣ ಹೊಡೆಸಲು ಹೊರಟವರು ಬಣ್ಣದ ಡಬ್ಬಿಯ ಬೆಲೆ ವಿಚಾರಿಸುತ್ತಾರೆ, ಕೂಲಿಯ ಬಗ್ಗೆ ಚೌಕಾಸಿ ಮಾಡುತ್ತಾರೆ, ಪುಟ್ಟಿ ಎಷ್ಟು ಕೋಟು ಎಂದು ಕೇಳುತ್ತಾರೆ. ಆದರೆ ಗೋಡೆಗೆ ಅಂಟಿಕೊಂಡು ನಿಂತಿರುವ ಕಬ್ಬಿಣದ ಬೀರುವನ್ನು ನಾಲ್ಕಡಿ ಪಕ್ಕಕ್ಕೆ ಸರಿಸುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಅದು ಮನೆಯ ಗಂಡಸರ ಪಾಲಿನ ಪುಕ್ಕಟೆ ಕೆಲಸವೆಂದೂ, ಬೆಳಗಿನ ತಿಂಡಿಗೂ ಹನ್ನೊಂದು ಗಂಟೆಯ ಕಾಫಿಗೂ ನಡುವೆ ಮುಗಿದುಹೋಗುವಂಥದ್ದೆಂದೂ ಎಲ್ಲರೂ ನಂಬಿರುತ್ತಾರೆ. ನಿನ್ನೆ ಭಾನುವಾರ ನಮ್ಮ ಮನೆಯಲ್ಲಿಯೂ ಈ ನಂಬಿಕೆಯೇ ಇತ್ತು. ಇಂದು ನಾನು ರಜೆ ಹಾಕಿ, ಸೊಂಟಕ್ಕೆ ನೋವಿನ ಮುಲಾಮು ಹಚ್ಚಿಸಿಕೊಂಡು, ಬೆನ್ನ ಹಿಂದೆ ದಿಂಬುಗಳನ್ನು ಒಟ್ಟಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬೀರುವಿನ ಮೇಲೆ ನನಗೆ ಕೋಪವಿಲ್ಲ. ಅದು ತನ್ನ ಧರ್ಮವನ್ನು ತಾನು ಪಾಲಿಸಿತು. ಕೋಪವಿರುವುದು ನಮ್ಮ ಭಾವನವರ ಮೇಲೆ.

ಬೀರುವಿನ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ, ಏಕೆಂದರೆ ನಿಮ್ಮ ಮನೆಯಲ್ಲಿಯೂ ಅದೇ ಇದೆ. ಆರೂವರೆ ಅಡಿ ಎತ್ತರ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳ, ಒಂದು ಬಾಗಿಲಿಗೆ ನಿಲುವುಗನ್ನಡಿ, ಇನ್ನೊಂದಕ್ಕೆ ತಿರುಗಿಸಿದರೆ ‘ಖಟ್’ ಎನ್ನುವ ಹಿಡಿ. ಒಳಗೆ ವರ್ಷಕ್ಕೊಮ್ಮೆ ಹೊರಬರುವ ರೇಷ್ಮೆ ಸೀರೆಗಳು, ನುಸಿಗುಳಿಗೆ, ಮನೆಪತ್ರ, ವಿಮೆಯ ಕಾಗದಗಳು, ಯಾರದೋ ಮದುವೆಯ ಉಡುಗೊರೆಯಾಗಿ ಬಂದು ಇನ್ನಾರದೋ ಮದುವೆಗೆ ಹೋಗಲು ಕಾಯುತ್ತಿರುವ ಬೆಳ್ಳಿಬಣ್ಣದ ಸ್ಟೀಲ್ ಸಾಮಾನುಗಳು. ಖಾಲಿ ಮಾಡಿಯೇ ಸರಿಸೋಣವೆಂದು ನಾನು ಸೂಚಿಸಿದಾಗ, ‘ಮತ್ತೆ ಜೋಡಿಸೋರು ಯಾರು?’ ಎಂಬ ಒಂದೇ ಪ್ರಶ್ನೆಯಿಂದ ನನ್ನ ಹೆಂಡತಿ ಆ ಸೂಚನೆಯನ್ನು ತಳ್ಳಿಹಾಕಿದಳು. ಸೂಚನೆಯನ್ನು ತಳ್ಳುವುದು ಸುಲಭ. ಉಳಿದದ್ದನ್ನು ತಳ್ಳಬೇಕಾದವರು ನಾನು ಮತ್ತು ನನ್ನ ಮಗ.

ಎಂಟನೆಯ ತರಗತಿಯ ವಿಜ್ಞಾನದ ಪುಸ್ತಕದಲ್ಲಿ ಘರ್ಷಣೆಯ ಪಾಠವಿದೆ. ಅದನ್ನು ನಾವೆಲ್ಲರೂ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕ ಪಡೆದು, ಆ ಸಂಜೆಯೇ ಮರೆತಿದ್ದೇವೆ. ನಿಂತ ವಸ್ತುವನ್ನು ಹೊರಡಿಸುವಾಗ ಎದುರಾಗುವ ಸ್ಥಾಯೀ ಘರ್ಷಣೆಯ ಗರಿಷ್ಠ ಮಿತಿ ಹೆಚ್ಚು. ಅದು ಒಮ್ಮೆ ಹೊರಟ ಮೇಲೆ ಎದುರಾಗುವ ಜಾರು ಘರ್ಷಣೆ ಕಡಿಮೆ. ಒಣ ಉಕ್ಕಿನ ಮೇಲಿನ ಉಕ್ಕಿಗೆ ಇವೆರಡರ ಗುಣಾಂಕಗಳನ್ನು, ಅಂದರೆ ವಸ್ತುವಿನ ಭಾರದ ಎಷ್ಟು ಪಾಲು ಬಲ ಬೇಕೆಂಬ ಸಂಖ್ಯೆಗಳನ್ನು, ಪಠ್ಯಪುಸ್ತಕಗಳು ಕ್ರಮವಾಗಿ ಸುಮಾರು 0.74 ಮತ್ತು 0.57 ಎಂದು ಕೊಡುತ್ತವೆ. ನಮ್ಮ ಬೀರುವಿನ ಕಾಲಿಗೂ ನಮ್ಮ ಕೆಂಪು ಗಾರೆಯ ನೆಲಕ್ಕೂ ಯಾವ ಪುಸ್ತಕವೂ ಗುಣಾಂಕ ಕೊಟ್ಟಿಲ್ಲವಾದ್ದರಿಂದ, ನಿಂತಾಗ 0.5, ಹೊರಟಾಗ 0.4 ಎಂದು ಇಟ್ಟುಕೊಳ್ಳೋಣ. ಸೀರೆ, ಸ್ಟೀಲು, ಕಾಗದಪತ್ರಗಳೆಲ್ಲ ಸೇರಿ ಬೀರು 150 ಕಿಲೋ ಎಂದುಕೊಂಡರೆ ಹೊರಡಿಸಲು 75 ಕಿಲೋ ಭಾರಕ್ಕೆ ಸಮನಾದ ಬಲ ಬೇಕು, ಹೊರಟ ಮೇಲೆ ಸಾಗಿಸಲು 60 ಸಾಕು. ಉಳಿದ 15 ಕಿಲೋ ಹೊರಡಿಸಿದ್ದಕ್ಕೆ ಕಟ್ಟುವ ಪ್ರವೇಶಶುಲ್ಕ. ಒಮ್ಮೆ ಕಟ್ಟಿದರೆ ನಾಲ್ಕಡಿಯೂ ನಮ್ಮದೇ. ಆದರೆ ನಡುವೆ ನಿಲ್ಲಿಸಿದಿರೋ, ಮತ್ತೆ ಕಟ್ಟಬೇಕು, ರಸೀದಿ ತೋರಿಸಿದರೂ ಬಿಡುವುದಿಲ್ಲ.

ಇಷ್ಟು ತಿಳಿದರೆ ನಮ್ಮ ಭಾವನವರ ಸ್ವಭಾವ ಎಂತಹ ಅನಾಹುತಕಾರಿ ಎಂಬುದು ಅರ್ಥವಾಗುತ್ತದೆ.

ಅವರು ನನ್ನ ಅಕ್ಕನ ಯಜಮಾನರು, ಕಟ್ಟಡದ ಕೆಲಸಗಳ ಉಸ್ತುವಾರಿ ಮಾಡಿ ನಿವೃತ್ತರಾದವರು. ಕೆಲಸ ಮಾಡುವವರ ಹಿಂದೆ ಕೈಕಟ್ಟಿ ನಿಂತು, ಕೆಲಸ ಒಂದು ಲಯಕ್ಕೆ ಬಂದ ಕ್ಷಣದಲ್ಲಿಯೇ ‘ನಿಲ್ಲು, ನಿಲ್ಲು, ನಿಲ್ಲು!’ ಎನ್ನುವುದು ಅವರಿಗೆ ಸೇವಾವಧಿಯಲ್ಲಿ ಅಂಟಿದ ಅಭ್ಯಾಸ. ಸರ್ಕಾರ ಪಿಂಚಣಿಯ ಜೊತೆಗೆ ಅದನ್ನೂ ಅವರಿಗೆ ಬಿಟ್ಟುಕೊಟ್ಟಿದೆ. ನಿನ್ನೆ ಅವರನ್ನು ಯಾರೂ ಕರೆದಿರಲಿಲ್ಲ. ನಮ್ಮಕ್ಕ ಕಳಿಸಿದ ಮಾವಿನಕಾಯಿ ತೊಕ್ಕಿನ ಡಬ್ಬಿ ಕೊಡಲು ಬಂದವರು, ಒಳಗೆ ಬೀರು ಸರಿಸುವ ಸಿದ್ಧತೆ ನಡೆದಿರುವುದನ್ನು ಕಂಡು, ಚಪ್ಪಲಿ ಬಿಟ್ಟು, ತೋಳು ಮಡಿಚಿದರು. ತೋಳು ಮಡಿಚಿದ್ದನ್ನು ನೋಡಿ ನನ್ನ ಮಗ ಇವರೂ ಕೈಹಾಕುತ್ತಾರೆಂದು ಸಂತೋಷಪಟ್ಟ. ಚಿಕ್ಕ ಹುಡುಗ, ಅವನಿಗೆ ಅನುಭವ ಸಾಲದು.

ನಾನು, ಮಗ ಮತ್ತು ಬಣ್ಣ ಹೊಡೆಯಲು ಬಂದಿದ್ದ ಹುಡುಗ ಮೂವರೂ ಒಂದು ಬದಿಗೆ ಸೇರಿ, ಉಸಿರು ಕಟ್ಟಿ, ‘ಐಸಾ’ ಎಂದು ತಳ್ಳಿದೆವು. ಬೀರು ಅಲುಗಲಿಲ್ಲ. ಇನ್ನಷ್ಟು ತಳ್ಳಿದೆವು, ನನ್ನ ಕುತ್ತಿಗೆಯ ನರಗಳು ಎದ್ದು ನಿಂತವು, ಹೊರಡಲೇ ಇಲ್ಲ. ಸ್ಥಾಯೀ ಘರ್ಷಣೆಯ ಕುಚೇಷ್ಟೆಯೆಂದರೆ ಇದೇ: ನೀವು ಹತ್ತು ಕಿಲೋ ತಳ್ಳಿದರೆ ಅದೂ ಹತ್ತು ಕಿಲೋ ಎದುರು ತಳ್ಳುತ್ತದೆ, ಎಪ್ಪತ್ತು ತಳ್ಳಿದರೆ ಎಪ್ಪತ್ತು, ತನ್ನ ಮಿತಿ ಮುಟ್ಟುವವರೆಗೆ ಒಂದು ಗುಲಗಂಜಿಯಷ್ಟೂ ಹೆಚ್ಚು ಕಡಿಮೆ ಮಾಡದೆ ನಿಮ್ಮ ಶ್ರಮಕ್ಕೆ ಸರಿಸಮಾನವಾದ ಉತ್ತರ ಕೊಡುತ್ತದೆ. ಕೊನೆಗೊಮ್ಮೆ ಮಿತಿ ಮೀರಿತು. ಬೀರು ‘ಕಿರ್‌ರ್‌ರ್’ ಎಂದು ಅರ್ಧ ಅಡಿ ಹೊರಟಿತು. ಹೊರಟಿತು ಎನ್ನುವಷ್ಟರಲ್ಲಿಯೇ ಹಿಂದಿನಿಂದ, ‘ನಿಲ್ಲು, ನಿಲ್ಲು, ನಿಲ್ಲು!’

ಏನಾಯಿತೆಂದು ಗಾಬರಿಯಿಂದ ತಿರುಗಿದೆವು. ಭಾವನವರು ನೆಲಕ್ಕೆ ಬಗ್ಗಿ, ಬೀರುವಿನ ಹಳೆಯ ಜಾಗದಿಂದ ಒಂದು ಹೇರ್‌ಪಿನ್ ಎತ್ತಿಕೊಂಡು, ‘ಇದು ಯಾರದು?’ ಎಂದು ಕೇಳಿದರು.

ಹೇರ್‌ಪಿನ್ನಿನ ಒಡೆತನ ಇತ್ಯರ್ಥವಾಗುವವರೆಗೆ ಬೀರು ನಿಂತಿತು. ಮತ್ತೆ 75 ಕಿಲೋ, ಮತ್ತೆ ಐಸಾ, ಮತ್ತೆ ಅರ್ಧ ಅಡಿ. ‘ನಿಲ್ಲು!’ ಈ ಬಾರಿ ಕನ್ನಡಿ ನಡುಗುತ್ತಿದೆಯಂತೆ. ಅದರ ಮುಂದಿನ ಬಾರಿ ಕಾಲು ನೆಟ್ಟಗಿದೆಯೋ ಇಲ್ಲವೋ ನೋಡಬೇಕಂತೆ. ಅದರ ಮುಂದಿನದಕ್ಕೆ ಕಾರಣವೇ ಇರಲಿಲ್ಲ. ‘ಸುಸ್ತಾಗಿರುತ್ತೆ ಕಣಯ್ಯ, ಸುಧಾರಿಸ್ಕೊ’ ಎಂದರು. ಸುಸ್ತಾದದ್ದು ತಳ್ಳಿದ್ದರಿಂದಲ್ಲ, ಸುಧಾರಿಸಿಕೊಂಡದ್ದರಿಂದ ಎಂದು ಹೇಳಲು ನನ್ನಲ್ಲಿ ಉಸಿರು ಉಳಿದಿರಲಿಲ್ಲ. ‘ಒಂದೇ ಸಲಕ್ಕೆ ಎಳೆದುಕೊಂಡು ಹೋಗಬಾರದು, ಇಂಚಿಂಚಾಗಿ ಸರಿಸಬೇಕು, ಆಗ ಭಾರ ಗೊತ್ತಾಗಲ್ಲ’ ಎಂಬುದು ಅವರ ಸಿದ್ಧಾಂತ. ಭಾರ ಅವರಿಗೆ ಗೊತ್ತಾಗುತ್ತಿರಲಿಲ್ಲ ಎಂಬುದಂತೂ ನಿಜ.

ಅವರ ಇನ್ನೊಂದು ಸಿದ್ಧಾಂತ, ಬೀರುವಿಗೆ ಭುಜ ಕೊಟ್ಟು ಮೇಲಿನಿಂದ ತಳ್ಳಬೇಕೆಂಬುದು. ಅರ್ಧ ಅಗಲವನ್ನು ಘರ್ಷಣೆಯ ಗುಣಾಂಕದಿಂದ ಭಾಗಿಸಿದರೆ ಎಷ್ಟು ಎತ್ತರದವರೆಗೆ ತಳ್ಳಬಹುದೆಂಬುದು ತಿಳಿಯುತ್ತದೆ: ಒಂದೂವರೆ ಅಡಿಯನ್ನು 0.5ರಿಂದ ಭಾಗಿಸಿದರೆ ಮೂರು ಅಡಿ, ಅಂದರೆ ಸೊಂಟದ ಮಟ್ಟ. ಅದಕ್ಕಿಂತ ಮೇಲೆ ತಳ್ಳಿದರೆ ಬೀರು ಸರಿಯುವ ಮೊದಲೇ ವಾಲತೊಡಗುತ್ತದೆ. ಭಾವನವರ ಮಾತು ಕೇಳಿ ಮಗ ಭುಜ ಕೊಟ್ಟ. ಬೀರು ಒಂದು ಕಾಲೆತ್ತಿತು. ಒಳಗೆ ಸ್ಟೀಲಿನ ಸಾಮಾನುಗಳು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಪ್ರಯಾಣ ಮಾಡಿದ ಸದ್ದು ಅಡುಗೆಮನೆಯವರೆಗೂ ಕೇಳಿಸಿ, ನನ್ನ ಹೆಂಡತಿ ಸೌಟು ಹಿಡಿದೇ ಓಡಿಬಂದಳು. ಬೈಗುಳ ನನಗೆ ಬಿತ್ತು. ಭಾವನವರು ಮನೆಗೆ ಬಂದ ಅತಿಥಿಗಳಲ್ಲವೇ?

ಇದೆಲ್ಲವನ್ನೂ ಮರೆಯಬಹುದಿತ್ತು, ಆ ದಿಕ್ಸೂಚಿಯೊಂದು ಇಲ್ಲದಿದ್ದರೆ. ಅರ್ಧ ದೂರ ಬಂದು, ಬೀರು ಚೆನ್ನಾಗಿ ಹೊರಟು, ಕಾಲುಗಳ ಕಿರುಚಾಟವೂ ತಗ್ಗಿ, ಮೂವರಿಗೂ ಹುಮ್ಮಸ್ಸು ಬಂದಿದ್ದ ವೇಳೆಯಲ್ಲಿ ಭಾವನವರಿಗೆ ವಾಸ್ತು ನೆನಪಾಯಿತು. ಬೀರು ನೈಋತ್ಯದಲ್ಲಿರಬೇಕು, ಬಾಗಿಲು ಉತ್ತರಕ್ಕೆ ತೆರೆಯಬೇಕು, ಕುಬೇರ ಆ ಕಡೆಯಿಂದ ಬರುತ್ತಾನೆ ಎಂಬುದು ನಮಗೂ ಗೊತ್ತು; ಆದರೆ ಕುಬೇರನಿಗಾಗಿ ಭಾವನವರು ಬೀರುವನ್ನು ಮತ್ತೊಮ್ಮೆ ನಿಲ್ಲಿಸಿ, ಮೊಬೈಲಿನಲ್ಲಿ ದಿಕ್ಸೂಚಿ ತೆರೆದು, ಅದನ್ನು ಬೀರುವಿನ ಬಾಗಿಲಿಗೆ ತಾಗಿಸಿ ಹಿಡಿದರು. ಮುಳ್ಳು ಗಿರಗಿರನೆ ತಿರುಗಿ ಬೀರುವಿನತ್ತ ತೋರಿಸಿತು. ಭಾವನವರು ಎಡಕ್ಕೆ ಹೋದರು. ಮುಳ್ಳು ಬಲಕ್ಕೆ, ಬೀರುವಿನತ್ತ. ಬಲಕ್ಕೆ ಬಂದರು, ಮುಳ್ಳು ಎಡಕ್ಕೆ, ಬೀರುವಿನತ್ತ. ಕಬ್ಬಿಣದ ಪಕ್ಕದಲ್ಲಿ ಹಿಡಿದ ದಿಕ್ಸೂಚಿ ಇನ್ನೇನು ಮಾಡೀತು? ಅವರು ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಬೀಸಿ, ಕನ್ನಡಕ ಒರೆಸಿಕೊಂಡು, ಮತ್ತೆ ನೋಡಿ, ಬಹಳ ಗಂಭೀರವಾಗಿ, ‘ನಿಮ್ಮ ಮನೆಯಲ್ಲಿ ಉತ್ತರ ಸರಿಯಾಗಿಲ್ಲ’ ಎಂದು ತೀರ್ಪು ಕೊಟ್ಟರು. ಮೂವತ್ತು ಗುಣಿಸು ನಲವತ್ತರ ನಿವೇಶನಕ್ಕೆ ಸಾಲ ಮಾಡಿ ಮನೆ ಕಟ್ಟಿದ ನನಗೆ ಉತ್ತರವನ್ನೂ ಸರಿಯಾಗಿ ಹಾಕಿಸಿಕೊಳ್ಳಬೇಕೆಂದು ಗುತ್ತಿಗೆದಾರರು ಹೇಳಿರಲಿಲ್ಲ.

ಈ ಚರ್ಚೆ ನಡೆಯುತ್ತಿರುವಾಗ ಬೀರು ಸುಮ್ಮನೆ ನಿಂತಿತ್ತೆಂದು ಭಾವಿಸಬೇಡಿ. ನಿಂತಷ್ಟೂ ಅದು ಬೇರು ಬಿಡುತ್ತಿತ್ತು. ಫ್ರಾನ್ಸಿನ ಸೈನ್ಯದಲ್ಲಿ ಇಂಜಿನಿಯರ್ ಆಗಿದ್ದ ಕೂಲಂಬ್, ವಿದ್ಯುದಾವೇಶದ ನಿಯಮದಿಂದ ನಮಗೆಲ್ಲ ಪರಿಚಿತನಾದ ಅದೇ ಕೂಲಂಬ್, ರೋಶ್‌ಫೋರ್ ಎಂಬ ಬಂದರಿನ ಹಡಗುಕಟ್ಟೆಯಲ್ಲಿ ಮರದ ಮೇಲೆ ಮರವನ್ನು ಎಳೆದು ಪ್ರಯೋಗ ಮಾಡಿ, 1781ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದ. ಅವನ ಪ್ರಬಂಧ ಅಚ್ಚಾದದ್ದು 1785ರಲ್ಲಿ. ಅವನು ಕಂಡುಕೊಂಡ ಸಂಗತಿಗಳಲ್ಲಿ ಒಂದು, ವಸ್ತು ಎಷ್ಟು ಹೊತ್ತು ನಿಂತಿರುತ್ತದೆಯೋ ಅದನ್ನು ಹೊರಡಿಸಲು ಬೇಕಾದ ಬಲವೂ ಅಷ್ಟು ಹೆಚ್ಚುತ್ತದೆ ಎಂಬುದು. ಮೊದಮೊದಲು ಬೇಗ, ಆಮೇಲೆ ನಿಧಾನವಾಗಿ. ಇದಕ್ಕೆ ಕಾರಣ ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಎಷ್ಟೇ ನುಣುಪಾದ ಮೇಲ್ಮೈಯೂ ಹತ್ತಿರದಿಂದ ನೋಡಿದರೆ ಮುಳ್ಳುಮುಳ್ಳೇ. ಬೀರುವಿನ ಕಾಲು ನೆಲದ ಮೇಲೆ ಕೂರುವುದು ಎರಡು ಹಲಸಿನ ಹಣ್ಣುಗಳನ್ನು ಒಂದರ ಮೇಲೊಂದು ಇಟ್ಟಂತೆ. ನಿಜವಾಗಿ ತಾಗುವ ಜಾಗ ಕಣ್ಣಿಗೆ ಕಾಣುವ ಜಾಗದ ಅತ್ಯಲ್ಪ ಅಂಶ ಮಾತ್ರವೆಂದು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ತೋರಿಸಿದರು. ಹೊತ್ತು ಕಳೆದಂತೆ ಆ ಮೊನೆಗಳು ಭಾರಕ್ಕೆ ಒಂದಿಷ್ಟು ಚಪ್ಪಟೆಯಾಗಿ, ತಾಗುವ ಜಾಗ ಹೆಚ್ಚಿ, ಹಿಡಿತ ಬಿಗಿಯಾಗುತ್ತದೆ. ಓಡುವ ವಸ್ತುವಿನ ಮೊನೆಗಳಿಗೆ ಹಾಗೆ ನೆಲೆಯೂರುವ ಪುರುಸೊತ್ತು ಸಿಗುವುದಿಲ್ಲ. ಭಾವನವರು ಒದಗಿಸಿದ್ದು ಈ ಪುರುಸೊತ್ತನ್ನು.

ನನ್ನ ಅಜ್ಜಿಗೆ ಕೂಲಂಬ್ ಗೊತ್ತಿರಲಿಲ್ಲ. ಅವಳು ಹಿತ್ತಿಲ ಕಡೆಯ ಪಡಸಾಲೆಯಲ್ಲಿ ಒಂದು ಕಾಲು ಚಾಚಿ, ಒಂದು ಕಾಲು ಮಡಿಸಿ ಕುಳಿತು ರಾಗಿ ಬೀಸುತ್ತಿದ್ದಳು. ಬೀಸುವ ಕಲ್ಲಿನ ಮೊದಲ ಸುತ್ತಿಗೆ ಮಾತ್ರ ಅವಳು ಎರಡು ಕೈಗಳನ್ನೂ ಗೂಟಕ್ಕೆ ಹಾಕುತ್ತಿದ್ದಳು. ಕಲ್ಲು ಹೊರಟಿತೆಂದರೆ ಬಲಗೈ ಒಂದೇ ಸಾಕು, ಎಡಗೈ ಮೊರದಿಂದ ಹಿಡಿ ರಾಗಿ ತೆಗೆದು ಕಲ್ಲಿನ ಬಾಯಿಗೆ ಹಾಕುತ್ತಿತ್ತು, ಕಲ್ಲು ನಿಲ್ಲುತ್ತಿರಲಿಲ್ಲ. ಯಾರಾದರೂ ಬಂದು ಮಾತನಾಡಿಸಿದರೆ ಗದ್ದವನ್ನಷ್ಟೇ ಎತ್ತುತ್ತಿದ್ದಳು. ತಾತ ಕರೆದರೂ ಮೊರ ಬರಿದಾಗುವವರೆಗೆ ಏಳುತ್ತಿರಲಿಲ್ಲ. ಅದು ಅವಳ ಹಟವೆಂದು ಮನೆಯವರೆಲ್ಲ ತಿಳಿದಿದ್ದೆವು. ಈಗ ರಾಗಿ ಗಿರಣಿಗೆ ಹೋಗುತ್ತದೆ. ಆ ಕಲ್ಲಿನ ಮೇಲುಭಾಗ ದಾಯಾದಿಗಳ ಪಾಲಿಗೆ ಹೋಗಿ, ಕೆಳಭಾಗ ನಮ್ಮ ಪಾಲಿಗೆ ಬಂದು, ಯಾರಿಗೂ ಉಪಯೋಗವಿಲ್ಲದಂತಾಗಿದೆ. ಅಜ್ಜಿ ಇದ್ದಿದ್ದರೆ ನಿನ್ನೆ ಭಾವನವರನ್ನು ಗದ್ದವೆತ್ತಿ ಒಮ್ಮೆ ನೋಡುತ್ತಿದ್ದಳು, ಅಷ್ಟರಲ್ಲಿ ಅವರು ತೊಕ್ಕಿನ ಡಬ್ಬಿ ಇಟ್ಟು ಹೊರಟುಬಿಡುತ್ತಿದ್ದರು.

ಬೀರು ಹೊರಟಾಗಲೆಲ್ಲ ಎದ್ದ ಸದ್ದಿಗೂ ಈ ಎರಡು ಘರ್ಷಣೆಗಳ ಜಗಳವೇ ಕಾರಣ. ಕಾಲು ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಬಲ ಹೆಚ್ಚಿದಾಗ ಬಿಟ್ಟು ಜಾರುತ್ತದೆ, ಜಾರಿ ಬಲ ಕರಗಿದೊಡನೆ ಮತ್ತೆ ಕಚ್ಚಿಕೊಳ್ಳುತ್ತದೆ. ಈ ಕಚ್ಚುವುದು ಬಿಡುವುದು ಸೆಕೆಂಡಿಗೆ ನೂರಾರು ಸಲ ನಡೆದರೆ ಕಿವಿಗೆ ಸ್ವರವಾಗಿ ಕೇಳಿಸುತ್ತದೆ. ಪಿಟೀಲಿನ ಕಮಾನಿಗೆ ರಾಳ ಉಜ್ಜುವುದು ತಂತಿಯನ್ನು ಹೀಗೆ ಕಚ್ಚಿ ಬಿಡಲೆಂದೇ. ತಿರುಮಕೂಡಲಿನ ಚೌಡಯ್ಯನವರು ಏಳು ತಂತಿಯ ಪಿಟೀಲಿನಲ್ಲಿ ಇದೇ ತತ್ತ್ವದಿಂದ ಸಭೆಗಳನ್ನು ತಲೆದೂಗಿಸಿದರು. ನಾವು ಇದೇ ತತ್ತ್ವದಿಂದ ಪಕ್ಕದ ಮನೆಯಾಕೆಯನ್ನು ಕಾಂಪೌಂಡಿನವರೆಗೆ ಬರಿಸಿದೆವು. ‘ಏನ್ರೀ, ಬೋರ್‌ವೆಲ್ ಕೊರೆಸ್ತಿದ್ದೀರಾ?’ ಎಂದು ಅವರು ಕೇಳಿದರು. ಹಗಲಿನಲ್ಲಿ ಒಂದು ದಿನ ಕೇಳಿಸಿದ್ದಕ್ಕೆ ಇಷ್ಟು. ಅವರ ಮಹಡಿಯ ಬಾಡಿಗೆಯವರು ರಾತ್ರಿ ಊಟ ಮುಗಿಸಿ ಕುರ್ಚಿಗಳನ್ನು ಎತ್ತಿಡದೆ ಎಳೆಯುವ ಸಂಗೀತವನ್ನು ನಾವು ವರ್ಷವಿಡೀ ಕೇಳಿಲ್ಲವೇ?

ಹೊರಡಿಸಲು ಹೆಚ್ಚು, ಸಾಗಿಸಲು ಕಡಿಮೆ ಎಂಬ ಈ ಒಂದು ವ್ಯತ್ಯಾಸದಿಂದ ಮನೆಯಲ್ಲಿ ಆಗುವ ಸಣ್ಣ ಅವಘಡಗಳಿಗೆ ಲೆಕ್ಕವಿಲ್ಲ. ಮಳೆಗಾಲದಲ್ಲಿ ಉಬ್ಬಿದ ಮೇಜಿನ ಡ್ರಾಯರ್ ಜಗ್ಗಿದಷ್ಟೂ ಬರುವುದಿಲ್ಲ, ಬಂದಾಗ ಪೂರ್ತಿ ಬಂದು ತೊಡೆಯ ಮೇಲೆ ಬೋರಲಾಗುತ್ತದೆ. ಉಪ್ಪಿನಕಾಯಿ ಸೀಸೆಯ ಮುಚ್ಚಳವೂ ಅಷ್ಟೇ. ಹಿಡಿತ ಬಿಟ್ಟ ಮರುಗಳಿಗೆಯಲ್ಲಿಯೂ ನಮ್ಮ ಕೈ ಹಿಂದಿನ ಬಲವನ್ನೇ ಪ್ರಯೋಗಿಸುತ್ತಿರುವುದರಿಂದ ರಸವೆಲ್ಲ ಅಂಗಿಯ ತೋಳಿಗೆ. ಬಚ್ಚಲಿನಲ್ಲಿ ಕಾಲು ಜಾರುವವನು ಜಾರಲು ಆರಂಭಿಸಿದ ಮೇಲೆ ತಡೆದುಕೊಳ್ಳಲಾಗದಿರುವುದಕ್ಕೂ ಇದೇ ಕಾರಣ. ಉರುಳುವ ಟಯರಿನ ನೆಲಮುಟ್ಟಿದ ಭಾಗ ಆ ಕ್ಷಣಕ್ಕೆ ರಸ್ತೆಯ ಮೇಲೆ ನಿಂತೇ ಇರುತ್ತದೆ. ಬ್ರೇಕನ್ನು ಬಲವಾಗಿ ಹಿಡಿದು ಚಕ್ರ ಕಟ್ಟಿಹೋದರೆ ಅದು ಜಾರತೊಡಗಿ ಹಿಡಿತ ಇಳಿಯುತ್ತದೆ. ಒಣ ಕಾಂಕ್ರೀಟಿನ ಮೇಲೆ ರಬ್ಬರಿಗೆ ನಿಂತಾಗ ಸುಮಾರು 1.0, ಜಾರುವಾಗ 0.8. ಹೀಗಾಗದಂತೆ ಬ್ರೇಕನ್ನು ತಾನೇ ಸಡಿಲಿಸಿ ಹಿಡಿಯುವ ಎಬಿಎಸ್ ವ್ಯವಸ್ಥೆ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಕಡ್ಡಾಯವಾಗಿದೆ. ಮನೆಗೆ ಬರುವ ನೆಂಟರಿಗೂ ಇಂತಹ ಕಾನೂನೊಂದು ಬರಬೇಕಿತ್ತು.

ಭಾವನವರು ನಂಜನಗೂಡಿನ ಕಡೆಯವರು ಎಂಬುದೇ ನನಗೆ ಸೋಜಿಗ. ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ತೇರನ್ನು ಚಿಕ್ಕಂದಿನಿಂದ ನೋಡಿದವರು ಅವರು. ತೇರು ಉರುಳುವುದೇ ಹೊರತು ಜಾರುವುದಿಲ್ಲ, ನಿಜ. ಆದರೆ ಅಚ್ಚಿಗೂ ಗಾಲಿಯ ನಡುವಿನ ಗುಂಬಕ್ಕೂ ತಿಕ್ಕಾಟ ತಪ್ಪಿದ್ದಲ್ಲ, ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದುದು ಅದಕ್ಕೇ. ನಿಂತ ತೇರನ್ನು ಹೊರಡಿಸಲು ಹಗ್ಗ ಹಿಡಿದ ಸಾವಿರಾರು ಜನ ಎಷ್ಟು ಏದುಸಿರು ಬಿಡುತ್ತಾರೆ, ಹೊರಟ ಮೇಲೆ ಹೇಗೆ ನಗುನಗುತ್ತಾ ನಡೆಯುತ್ತಾರೆ ಎಂಬುದನ್ನು ಅಷ್ಟು ವರ್ಷ ನೋಡಿಯೂ ಅವರಿಗೆ ಏನೂ ಹೊಳೆದಿಲ್ಲವೆಂದರೆ, ಅವರು ಜಾತ್ರೆಗೆ ಹೋಗುತ್ತಿದ್ದುದು ಬಾಳೆಹಣ್ಣು ಜವನ ಎಸೆಯುವುದಕ್ಕೆ ಮಾತ್ರ ಎಂದು ತೋರುತ್ತದೆ.

ನಿನ್ನೆಯ ಬಿಡುಗಡೆ ನಮ್ಮಕ್ಕನಿಂದ ಬಂತು. ತೊಕ್ಕು ಕೊಡಲು ಹೋದವರು ಎಲ್ಲಿ ಎಂದು ಕೇಳಲು ಆಕೆ ಫೋನ್ ಮಾಡಿದಾಗ, ಸಿಗ್ನಲ್ ಸಿಗದೆ ಭಾವನವರು ವರಾಂಡಕ್ಕೆ ಹೋದರು. ಬಣ್ಣದ ಹುಡುಗ ನನ್ನ ಮುಖ ನೋಡಿ ಮೆಲ್ಲಗೆ, ‘ಸಾರ್, ಈಗ ನಿಲ್ಲಿಸ್ಬೇಡಿ’ ಎಂದ. ಕಾಲುಗಳ ಅಡಿಗೆ ಹಳೆಯ ದುಪ್ಪಟಿಯೊಂದನ್ನು ಸೇರಿಸಿ, ಮಂಡಿ ಬಗ್ಗಿಸಿ, ಸೊಂಟದ ಮಟ್ಟದಲ್ಲಿ ಕೈಯಿಟ್ಟು ಮೂವರೂ ತಳ್ಳಿದೆವು. ಉಳಿದ ದೂರವನ್ನೆಲ್ಲ ಬೀರು ಒಂದೇ ಉಸಿರಿನಲ್ಲಿ, ಸದ್ದಿಲ್ಲದೆ ದಾಟಿ ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಿತು. ಭಾವನವರು ಒಳಬಂದು, ಬೀರುವನ್ನೂ ನಮ್ಮನ್ನೂ ನೋಡಿ, ಬಹಳ ತೃಪ್ತಿಯಿಂದ, ‘ನೋಡಿದ್ಯಾ, ನಾನು ಹೇಳಿದ ಹಾಗೆ ಇಂಚಿಂಚಾಗಿ ಸರಿಸಿದ್ದಕ್ಕೇ ಬಂತು’ ಎಂದರು. ಕಾಫಿಯನ್ನು ಮೊದಲು ಅವರಿಗೇ ಕೊಟ್ಟರು.

ಬಣ್ಣ ಒಣಗಿದ ಮೇಲೆ ಬೀರು ಹಳೆಯ ಜಾಗಕ್ಕೆ ಹೋಗಬೇಕು. ಅದಕ್ಕೊಂದು ಚಕ್ರದ ಸ್ಟ್ಯಾಂಡ್ ಮಾಡಿಸಿದರೆ ಈ ತಳ್ಳಾಟವೇ ಇರುವುದಿಲ್ಲ, ಉರುಳು ಘರ್ಷಣೆ ಎಲ್ಲಕ್ಕಿಂತ ಕಡಿಮೆ ಎಂದು ನನ್ನ ಮಗ ಹೇಳುತ್ತಾನೆ. ಎಂಟನೆಯ ತರಗತಿಯ ಪಾಠ ಅವನಿಗಿನ್ನೂ ನೆನಪಿದೆ. ಆದರೆ ನಮ್ಮ ಫ್ರಿಜ್ಜಿಗೆ ಅಂತಹ ಸ್ಟ್ಯಾಂಡ್ ಈಗಾಗಲೇ ಇದೆ. ಬಾಗಿಲಿನ ರಬ್ಬರ್ ಬಿಗಿಯಾಗಿರುವುದರಿಂದ, ಮೊಸರು ತೆಗೆಯಲು ಹಿಡಿ ಎಳೆದರೆ ಬಾಗಿಲು ತೆರೆಯುವ ಬದಲು ಇಡೀ ಫ್ರಿಜ್ಜೇ ನಮ್ಮನ್ನು ಹಿಂಬಾಲಿಸುತ್ತದೆ. ಕಳೆದ ವಾರ ಅದು ಪ್ಲಗ್ ಕಿತ್ತುಕೊಂಡು ಬಂದು, ರಾತ್ರಿಯೆಲ್ಲ ಯಾರೂ ಗಮನಿಸದೆ, ದೋಸೆ ಹಿಟ್ಟು ಹುಳಿಯಾಗಿ ಪಾತ್ರೆಯಿಂದಾಚೆ ಬಂದಿತ್ತು. ಈಗ ಭಾವನವರ ಸಲಹೆಯಂತೆ ಮುಂದಿನ ಎರಡು ಚಕ್ರಗಳಿಗೆ ಅಡ್ಡಲಾಗಿ ವೃತ್ತಪತ್ರಿಕೆ ಸುತ್ತಿದ ಎರಡು ಇಟ್ಟಿಗೆಗಳನ್ನು ಇಟ್ಟಿದ್ದೇವೆ. ಅಡುಗೆಮನೆಯಲ್ಲಿ ಎಲ್ಲರೂ ಅವುಗಳನ್ನು ಎಡವುತ್ತಿದ್ದೇವೆ.